ತೆರೆಯ ಪಡಿಯಚ್ಚು
(ಬಾನುಲಿ ಭಾಷಣ)



ಶಾಸನದ ಪಡಿಯಚ್ಚು ತೆಗೆಯುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ತಟ್ಟಿ ತಟ್ಟಿ ಅಕ್ಷರಗಳ ಕುಳಿಗೆ ಇಳಿಸುತ್ತಾರೆ. ಮೇಲೆ ಮಸಿಯೊತ್ತಿದರೆ ಸುತ್ತಲ ಬಯಲು ಕಪ್ಪಾಗಿ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಕಲ್ಲು ಇದ್ದಲ್ಲೇ ಇರುತ್ತದೆ. ಅದರ ಮಾತು ಮಾತ್ರ ಕಾಗದವಾಗಿ ನಮ್ಮೊಡನೆ ಬರುತ್ತದೆ. ಕಂಪ್ಯೂಟರಿನ ತೆರೆಯ ಮೇಲೆ ಮೂಡಿದ್ದನ್ನು ಇದ್ದಹಾಗೆಯೇ ಚಿತ್ರವಾಗಿ ಎತ್ತಿಕೊಳ್ಳುವ ಸ್ಕ್ರೀನ್‌ಶಾಟ್ ಕೂಡ ಇಂಥದೇ ಒಂದು ಪಡಿಯಚ್ಚು. ಆದರೆ ಕಲ್ಲು ಶತಮಾನಗಳ ಕಾಲ ಕಾದಿರುತ್ತದೆ. ತೆರೆ ಒಂದು ನಿಮಿಷವೂ ಕಾಯುವುದಿಲ್ಲ.

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಭಾವನವರು ತೀರಿಕೊಂಡ ಮೇಲೆ ಅಕ್ಕನ ಕುಟುಂಬ ಪಿಂಚಣಿಗಾಗಿ ಅರ್ಜಿ ಹಾಕಬೇಕಾಯಿತು. ನಾನೇ ಕುಳಿತು ಭರ್ತಿಮಾಡಿದೆ. ಅರ್ಜಿ ಸ್ವೀಕೃತವಾಯಿತೆಂಬ ವಾಕ್ಯವೂ ಕೆಳಗೊಂದು ಉದ್ದನೆಯ ಸಂಖ್ಯೆಯೂ ತೆರೆಯ ಮೇಲೆ ಮೂಡಿದವು. ಬರೆದುಕೊಳ್ಳಲು ಪೆನ್ನು ಹುಡುಕಿ ತರುವಷ್ಟರಲ್ಲಿ ವಿದ್ಯುತ್ತು ಹೋಯಿತು. ಎರಡು ತಿಂಗಳ ಮೇಲೆ ಕಚೇರಿಗೆ ಹೋದರೆ, “ಸಂಖ್ಯೆಯಿಲ್ಲದೆ ಎಲ್ಲಿ ಹುಡುಕಲಿ ಸ್ವಾಮಿ?” ಎಂದರು. ಹಿಂತಿರುಗುವ ದಾರಿಯಲ್ಲಿ ಅಕ್ಕ ಮೆಲ್ಲಗೆ ಕೇಳಿದಳು: “ನೀನು ಕಳಿಸಿದ್ದು ನಿಜ ತಾನೇನೋ?” ಕಚೇರಿಯವರ ಮಾತಿಗಿಂತ ಆ ಮಾತು ನನ್ನನ್ನು ಹೆಚ್ಚು ನೋಯಿಸಿತು. ನಿಜವೆನ್ನುವುದಕ್ಕೆ ನನ್ನ ಬಾಯಿಮಾತಿನ ಹೊರತು ಬೇರೇನೂ ಇರಲಿಲ್ಲ.

ಎರಡನೆಯ ಸಲ ಅರ್ಜಿ ಹಾಕುವ ಮುನ್ನ ಗ್ರೀನ್‌ಶಾಟ್ ಎಂಬ ಉಪಕರಣವನ್ನು ಕಂಪ್ಯೂಟರಿಗೆ ಹಾಕಿಕೊಂಡೆ. ವಿಂಡೋಸ್‌ನಲ್ಲಿ ಅದನ್ನು ಬಳಸಲು ಬಿಡಿಗಾಸನ್ನೂ ತೆರಬೇಕಿಲ್ಲ. ಕೀಲಿಮಣೆಯಲ್ಲಿ ಪ್ರಿಂಟ್ ಸ್ಕ್ರೀನ್ ಎಂಬ ಕೀಲಿಯೊಂದುಂಟು. 1981ರ ಐಬಿಎಂ ಪರ್ಸನಲ್ ಕಂಪ್ಯೂಟರಿನಲ್ಲಿ ಶಿಫ್ಟ್ ಜೊತೆಗೆ ಅದನ್ನು ಒತ್ತಿದರೆ, ಹೆಸರಿಗೆ ತಕ್ಕಂತೆ, ತೆರೆಯ ಬರಹ ನೇರವಾಗಿ ಮುದ್ರಣಯಂತ್ರಕ್ಕೆ ಹೋಗುತ್ತಿತ್ತು. ಗ್ರೀನ್‌ಶಾಟ್ ಇರುವಲ್ಲಿ ಅದನ್ನು ಒತ್ತಿ, ಬೇಕಾದ ಭಾಗದ ಸುತ್ತ ಮೌಸಿನಿಂದ ಚೌಕ ಎಳೆದರೆ ಅಷ್ಟೇ ಚಿತ್ರವಾಗುತ್ತದೆ. ಆಲ್ಟ್ ಜೊತೆಗೆ ಒತ್ತಿದರೆ ಒಂದು ಕಿಟಕಿ. ಕಂಟ್ರೋಲ್ ಜೊತೆಗೆ ಒತ್ತಿದರೆ ಇಡೀ ತೆರೆ. ವಿಂಡೋಸ್ 11ರ ಈಚಿನ ರೂಪಗಳಲ್ಲಿ ಈ ಕೀಲಿ ವಿಂಡೋಸಿನದೇ ಆದ ಸ್ನಿಪ್ಪಿಂಗ್ ಟೂಲ್‌ಗೆ ಓಗೊಡುವುದರಿಂದ, ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಬಿಡಿಸಿಕೊಳ್ಳಬೇಕಾಗುತ್ತದೆ. ಚಿತ್ರವನ್ನು ಪಿಎನ್‌ಜಿ ರೂಪದಲ್ಲಿ ಉಳಿಸಿದರೆ ಅಕ್ಷರಗಳ ಅಂಚು ಮಸುಕಾಗದು.

ಚೌಕ ಎಳೆಯುವುದು ಸುಲಭ; ಎಷ್ಟು ಎಳೆಯಬೇಕೆಂಬುದೇ ವಿವೇಕದ ಮಾತು. ಊರು ಯಾವುದು, ಕಲ್ಲು ಎಲ್ಲಿ ನಿಂತಿತ್ತು ಎಂಬುದನ್ನು ಗುರುತುಮಾಡದಿದ್ದರೆ ಪಡಿಯಚ್ಚಿನ ಬೆಲೆ ಅರ್ಧ ಇಳಿಯುತ್ತದೆ. ಅದರಂತೆಯೇ ರಶೀದಿಯ ಚಿತ್ರದಲ್ಲಿ ಮೇಲಿನ ತಾಣದ ವಿಳಾಸವೂ ಕೆಳಮೂಲೆಯ ದಿನಾಂಕ, ವೇಳೆಗಳೂ ಇರಬೇಕು. ನಾನು ಇಡೀ ತೆರೆಯನ್ನೇ ಎತ್ತಿಕೊಂಡೆ.

ಆ ಸಂಭ್ರಮದಲ್ಲಿ ಇನ್ನೊಂದು ತಪ್ಪು ಮಾಡಿದೆ. ಅಕ್ಕನ ಬ್ಯಾಂಕ್ ಖಾತೆಯ ಸಂಖ್ಯೆಯ ಮೇಲೆ ಹಳದಿ ಬಣ್ಣ ಬಳಿದು ಚಿತ್ರವನ್ನು ಬಂಧುಗಳಿಗೆಲ್ಲ ಕಳಿಸಿದೆ. ಅದು ಮರೆಮಾಡುವ ಬಣ್ಣವಲ್ಲ, ಎತ್ತಿ ತೋರಿಸುವ ಬಣ್ಣ! ಅಕ್ಕನ ಮಗಳು ಹೇಳಿದ ಮೇಲೆ ನೋಡಿದರೆ ಸಂಖ್ಯೆ ಮೊದಲಿಗಿಂತಲೂ ಎದ್ದುಕಾಣುತ್ತಿತ್ತು. ಅಕ್ಷರಗಳನ್ನು ಕಲಕಿ ಮಸುಕುಮಾಡುವ ಸೌಕರ್ಯವೂ ಇಂಥ ಉಪಕರಣಗಳಲ್ಲಿದೆ. ಆದರೆ ಮಸುಕಾದದ್ದನ್ನು ಊಹಿಸಿ ಓದಬಲ್ಲ ಉಪಾಯಗಳೂ ಇವೆ. ಒಳಗೆಲ್ಲ ಕಪ್ಪು ತುಂಬಿದ ಚೌಕವನ್ನಿಟ್ಟು ಹೊಸ ಚಿತ್ರವಾಗಿ ಉಳಿಸುವುದೇ ಕ್ಷೇಮ.

ಕತ್ತರಿಸಿದ್ದೂ ಹೋಗಿಯೇಬಿಟ್ಟಿತೆಂದು ನಂಬುವಂತಿಲ್ಲ. 2023ರ ಮಾರ್ಚ್‌ನಲ್ಲಿ ಗೂಗಲ್ ಪಿಕ್ಸೆಲ್ ಫೋನುಗಳ ಚಿತ್ರ ತಿದ್ದುವ ಸಾಧನದಲ್ಲಿಯೂ, ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲಿಯೂ ಒಂದೇ ಬಗೆಯ ದೋಷ ಬೆಳಕಿಗೆ ಬಂತು. ಕತ್ತರಿಸಿದ ಚಿತ್ರವನ್ನು ಹಳೆಯದರ ಮೇಲೆಯೇ ಉಳಿಸಿದಾಗ ಹಳೆಯ ಕಡತದ ಬಾಲ ಹಾಗೆಯೇ ಉಳಿದು, ಕತ್ತರಿಸಿ ತೆಗೆದ ಭಾಗವನ್ನು ಬಹುಮಟ್ಟಿಗೆ ಮರಳಿ ಪಡೆಯಬಹುದಾಗಿತ್ತು. ದೋಷವನ್ನೇನೋ ಸರಿಪಡಿಸಿದರು, ಅದಕ್ಕೆ ಮುನ್ನ ಊರೂರಿಗೆ ಹೋಗಿದ್ದ ಚಿತ್ರಗಳನ್ನು ಹಿಂದಕ್ಕೆ ಕರೆಯುವವರಾರು?

ಇಷ್ಟಾಗಿಯೂ ಪಡಿಯಚ್ಚು ಕಲ್ಲಲ್ಲ. ಚಿತ್ರವನ್ನು ತಿದ್ದಬಹುದೆಂಬುದು ನ್ಯಾಯಾಲಯಕ್ಕೂ ತಿಳಿದ ಸಂಗತಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಯ ಪ್ರತಿಯೊಡನೆ ಪ್ರಮಾಣಪತ್ರವನ್ನೂ ಕೇಳುತ್ತದೆ. ನನ್ನ ಪ್ರಸಂಗದಲ್ಲಿಯೂ ಕೆಲಸಕ್ಕೆ ಬಂದದ್ದು ಚಿತ್ರದೊಳಗಿನ ಸಂಖ್ಯೆ. ಅದನ್ನು ನೋಡಿಯೇ ಕಚೇರಿಯವರು ಅರ್ಜಿಯನ್ನು ಹುಡುಕಿ ತೆಗೆದರು.

ಆ ಚಿತ್ರದ ಅಚ್ಚುಪ್ರತಿಯನ್ನು ಅಕ್ಕ ಭಾವನವರ ಕಾಗದಗಳ ಜೊತೆಗೆ ಟ್ರಂಕಿನಲ್ಲಿಟ್ಟಿದ್ದಾಳೆ. ಯಾವುದಕ್ಕೂ ಇರಲೆಂದು, ಸಂಖ್ಯೆಯನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿಯೂ ಪೆನ್ನಿನಿಂದ ಬರೆದುಕೊಂಡಿದ್ದಾಳೆ.