ಮರೆತ ಬಲೆಯ ಲೆಕ್ಕ: ಅಟ್ಟದ ಮೇಲಿನ ಸೆಣಬು, ಬೇಲಿಯಲ್ಲಿ ಉಳಿದ ನೈಲಾನ್

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ)

  

ಇವತ್ತಿನ ವಿಷಯ ಸ್ವಲ್ಪ ವಿಚಿತ್ರ. ಮೊಲ ಹಿಡಿಯೋ ಬಲೆ. ಅದನ್ನ ಮನೇಲೇ ಹೆಣೆಯೋರು ಯಾವ ದಾರ ಆರಿಸ್ತಾರೆ, ಯಾಕೆ ಆರಿಸ್ತಾರೆ ಅನ್ನೋದು.

ಮೊದಲೇ ಒಂದು ಮಾತು. ನಮ್ಮ ದೇಶದಲ್ಲಿ ಕಾಡುಮೊಲ ಹಿಡಿಯೋದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅಂದ್ರೆ ಬರೀ ಕೊಲ್ಲೋದಲ್ಲ. ಬಲೆ ಹಾಕೋದು, ಅಟ್ಟಿಸೋದು, ಹಿಡಿಯೋಕೆ ಪ್ರಯತ್ನ ಮಾಡೋದು, ಎಲ್ಲವೂ ಬೇಟೆಯೇ. ಹಾಗಾಗಿ ಇದನ್ನ ಕೇಳಿಸ್ಕೊಂಡು ಯಾರೂ ಹುರಿ ತಗೊಂಡು ಕೂರಬೇಡಿ.

ಮತ್ತೆ ಯಾಕೆ ಈ ಮಾತು? ಇಂಗ್ಲೆಂಡಿಗೆ ಓದೋಕೆ ಹೋಗಿರೋ ನನ್ನ ಗೆಳೆಯ ಒಂದು ಫೋಟೊ ಕಳಿಸಿದ. ಅವನು ಒಂದು ಭಾನುವಾರ ಹಳ್ಳಿ ಕಡೆ ಹೋಗಿದ್ದಾಗ ರೈತರೊಬ್ಬರ ಶೆಡ್ಡಲ್ಲಿ ಸಾಲಾಗಿ ನೇತುಹಾಕಿದ್ದ ಪುಟ್ಟಪುಟ್ಟ ಬಲೆಗಳು. ಅಲ್ಲಿ ಮೊಲ ಅಂದ್ರೆ ಬೆಳೆ ತಿನ್ನೋ ಪಿಡುಗು. 1954ರ ಪೆಸ್ಟ್ಸ್ ಆಕ್ಟ್ ಬಂದಾಗಿಂದ ಅದನ್ನ ಹತೋಟಿಯಲ್ಲಿಡೋದು ಜಮೀನಿನವರ ಜವಾಬ್ದಾರಿ.

ಆ ಬಲೆ ಕೆಲಸ ಮಾಡೋ ರೀತಿ ಹೀಗಿದೆ. ಅಲ್ಲಿನ ಮೊಲ ನೆಲದೊಳಗೆ ಬಿಲ ತೋಡಿ ಗುಂಪಾಗಿ ಇರುತ್ತೆ. ಒಂದು ಬಿಲಕ್ಕೆ ಹತ್ತಾರು ಬಾಯಿ. ಒಂದೊಂದು ಬಾಯಿಗೂ ಒಂದೊಂದು ಬಲೆ ಹಾಸಿ, ಗೂಟ ಹೊಡೆದು, ಒಳಗೆ ಫೆರೆಟ್ ಬಿಡ್ತಾರೆ. ಫೆರೆಟ್ ಅಂದ್ರೆ ನೋಡೋಕೆ ನಮ್ಮ ಮುಂಗುಸಿ ಥರ ಇರೋ ಸಾಕುಪ್ರಾಣಿ. ಅದರ ಭಯಕ್ಕೆ ಮೊಲ ಹೊರಗೆ ಹಾರುತ್ತೆ, ಬಲೆಗೆ ಗುದ್ದುತ್ತೆ. ಬಲೆಯ ಎರಡು ತುದಿಗೂ ಒಂದೊಂದು ಉಂಗುರ. ಅದರೊಳಗೆ ಓಡೋ ಹಗ್ಗ ಬಿಗಿದುಕೊಂಡು, ಹಳೇ ಕಾಲದ ಎಲೆಅಡಿಕೆ ಚೀಲ ಎಳೆದ ಹಾಗೆ ಬಲೆ ಬಾಯಿ ಮುಚ್ಚುತ್ತೆ.

ನಮ್ಮ ಕಾಡುಮೊಲ ಬಿಲ ತೋಡಲ್ಲ. ಪೊದೆಯ ಬುಡದಲ್ಲಿ, ಹುಲ್ಲಿನ ಮರೆಯಲ್ಲಿ ಮಲಗುತ್ತೆ. ಕನ್ನಡದಲ್ಲಿ ಎರಡಕ್ಕೂ ಮೊಲ ಅಂತೀವಿ, ಆದ್ರೆ ಪ್ರಾಣಿ ಬೇರೆಬೇರೆ. ಅದಕ್ಕೇ ನಮ್ಮ ಕಡೆಯ ಹಳೇ ಬಲೆಗಳು ಚೀಲದ ಥರ ಅಲ್ಲ, ಉದ್ದ. ಪೊದೆಯಿಂದ ಪೊದೆಗೆ ಕಟ್ಟೋದು, ಆ ಕಡೆಯಿಂದ ಜನ ಕೂಗ್ತಾ ಅಟ್ಟಿಸೋದು.

ಈಗ ದಾರದ ವಿಷಯ. ಅಲ್ಲಿ ಮನೇಲಿ ಹೆಣೆಯೋರಿಗೆ ಮುಖ್ಯವಾಗಿ ಎರಡು ದಾರಿ. ಒಂದು ಹೆಂಪ್, ಅಂದ್ರೆ ಗಾಂಜಾ ಗಿಡದ ಜಾತಿಯ ನಾರು. ಇನ್ನೊಂದು ನೈಲಾನ್.

ಹೆಂಪ್‌ಗೆ ತೂಕ ಇದೆ. ಬಿಲದ ಬಾಯಿ ಮೇಲೆ ಹಾಸಿದ್ರೆ ಅಲ್ಲೇ ಮಲಗುತ್ತೆ, ಗಾಳಿಗೆ ಏಳಲ್ಲ. ಹಾಕಿದ ಗಂಟು ಹಾಗೇ ಕೂರುತ್ತೆ. ಆದ್ರೆ ನೀರು ಕುಡಿಯುತ್ತೆ, ಭಾರ ಆಗುತ್ತೆ, ಒದ್ದೆಯಾಗಿ ಮಡಚಿಟ್ರೆ ಕೊಳೆಯುತ್ತೆ. ಪ್ರತೀ ಸಲ ಒಣಗಿಸಲೇಬೇಕು.

ನೈಲಾನ್ ಹಗುರ. ಒಂದು ಚೀಲಕ್ಕೆ ಡಜನ್‌ಗಟ್ಟಲೆ ಬಲೆ ಹಿಡಿಯುತ್ತೆ. ಕೊಳೆಯೋ ಮಾತೇ ಇಲ್ಲ. ಆದ್ರೆ ಗಾಳಿಗೆ ಏಳುತ್ತೆ, ತೆಳುವಾದ್ರೆ ಸಿಕ್ಕು ಸಿಕ್ಕು. ಹೊಳೆಯೋ ನುಣುಪು ದಾರದಲ್ಲಿ ಗಂಟು ಜಾರುತ್ತೆ. ಅದಕ್ಕೇ ಹತ್ತಿ ನೂಲಿನ ಹಾಗೆ ಒರಟಾಗಿ ನೂತಿರೋ ನೈಲಾನ್ ಹುಡುಕ್ತಾರೆ. ಅದರ ದಪ್ಪಕ್ಕೂ ನಂಬರ್ ಇದೆ: 4ಝಡ್, 6ಝಡ್, 10ಝಡ್. ನಂಬರ್ ಹೆಚ್ಚಾದಷ್ಟೂ ದಾರ ದಪ್ಪ, ಸಿಕ್ಕು ಕಡಿಮೆ. ಬಾಯಿ ಎಳೆಯೋ ಹಗ್ಗ ಮಾತ್ರ ಬಲೆಯ ದಾರಕ್ಕಿಂತ ದಪ್ಪ ಇರಬೇಕು, ಉಂಗುರದಲ್ಲಿ ತಡೆಯಿಲ್ಲದೆ ಓಡಬೇಕು.

ನಾನು ಬಿಕಾಂ ಓದಿದವನು. ನನ್ನ ತಲೆಗೆ ತಕ್ಷಣ ಬಂದಿದ್ದು ಸವಕಳಿ ಲೆಕ್ಕ. ಹೆಂಪ್ ವರ್ಷವರ್ಷಕ್ಕೂ ಸವೆಯೋ ಆಸ್ತಿ, ನೈಲಾನ್ ಹೆಚ್ಚುಕಮ್ಮಿ ಸವಕಳಿಯೇ ಇಲ್ಲದ ಆಸ್ತಿ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ, ನೈಲಾನೇ ತಾನೆ?

ಆ ಫೋಟೊನ ಅಜ್ಜಿಗೆ ತೋರಿಸಿದೆ. ನಮ್ಮದು ಶಿರಾ ಕಡೆ ಊರು. ಅಜ್ಜಿ ಫೋನನ್ನ ಕಣ್ಣ ಹತ್ರ ಹಿಡ್ಕೊಂಡು, "ಏನ್ಲಾ ಇದು, ನಿಮ್ಮ ತಾತನ ಬಲೆ ಇದ್ದಂಗೈತೆ" ಅಂದ್ರು.

ಆ ಬಲೆಯ ತುಂಡು ಇನ್ನೂ ನಮ್ಮ ಅಟ್ಟದ ಮೇಲಿದೆ. ಸೆಣಬಿನ ಹುರಿ. ತಾತ ಸೆಣಬಿನ ಗಿಡನ ಕೆರೆ ನೀರಲ್ಲಿ ಕೊಳೆಹಾಕಿ, ನಾರು ಬಿಡಿಸಿ, ತೊಡೆ ಮೇಲೆ ಹೊಸೆದು ಹುರಿ ಮಾಡ್ತಿದ್ರಂತೆ. ಒಲೆ ಹೊಗೆ ತಾಗೋ ಜಾಗದಲ್ಲಿ ಬಲೆ ಇಡ್ತಿದ್ರಂತೆ, ಹುಳ ಹಿಡೀದೆ ಇರಲಿ ಅಂತ.

"ಎಣಿಸಿ ಕಟ್ಟೋರು, ಎಣಿಸಿ ಬಿಚ್ಚೋರು ಕಣ್ಲಾ. ಒಂದು ಕಮ್ಮಿ ಬಂದ್ರೆ ಊಟಕ್ಕೂ ಬತ್ತಿರ್ಲಿಲ್ಲ, ಹುಡುಕ್ಕೊಂಡು ಹೋಗೋರು."

"ಪ್ರಾಣಿ ಸಿಕ್ಕಿಹಾಕ್ಕೊಳ್ಳುತ್ತೆ ಅಂತಾನಾ ಅಜ್ಜಿ?"

ಅಜ್ಜಿ ನಕ್ಕರು. "ಅದೆಲ್ಲ ಎಲ್ಲಿ? ಒಂದು ಬಲೆಗೆ ಒಂದು ಬ್ಯಾಸ್ಗೆ ಹಿಡಿಯೋದು. ಬಿಟ್ಟು ಬರಕ್ಕಾಯ್ತದಾ?"

ನೋಡಿ, ತಾತನಿಗೆ ಕರುಣೆ ಇತ್ತು ಅಂತ ನಾನು ಕಥೆ ಕಟ್ಟಲ್ಲ. ಬಲೆಯ ಹಿಂದೆ ಅವರ ಒಂದು ಬೇಸಿಗೆ ಇತ್ತು, ಅದಕ್ಕೇ ಮರೀತಿರಲಿಲ್ಲ. ಅಕಸ್ಮಾತ್ ಮರೆತ್ರೂ ಒಂದೆರಡು ಮಳೆಗಾಲದಲ್ಲಿ ಸೆಣಬು ಮಣ್ಣಾಗ್ತಿತ್ತು.

ಅಜ್ಜಿ ಈ ಮಾತು ಹೇಳಿದಾಗ ನಾನು ಸುಮ್ಮನಾಗಿಬಿಟ್ಟೆ. ಯಾಕಂದ್ರೆ 2020ರಲ್ಲಿ, ಲಾಕ್‌ಡೌನ್ ಅಂತ ಊರಲ್ಲಿದ್ದಾಗ, ಕಡಲೆಕಾಯಿ ಸಸಿನ ಮೊಲ ಮೇಯ್ತಿದೆ ಅಂತ ಹೊಲದ ಸುತ್ತ ನೈಲಾನ್ ಬಲೆ ಕಟ್ಟಿದವನು ನಾನೇ. ಮೊಲ ಹಿಡಿಯೋಕಲ್ಲ, ತಡೆಯೋಕೆ. ಮಾರ್ಕೆಟ್ಟಲ್ಲಿ ಇದ್ದಿದ್ರಲ್ಲೇ ಅಗ್ಗದ್ದು, ತೆಳ್ಳಗಿನದ್ದು ತಂದಿದ್ದೆ. ಉಳಿದ ತುಂಡನ್ನ ಬೇಲಿ ಮೇಲೆ ಎಸೆದು, ಆಫೀಸ್ ಕರೀತು ಅಂತ ಬೆಂಗಳೂರಿಗೆ ವಾಪಸ್ ಬಂದೆ.

ಮುಂದಿನ ವರ್ಷ ಹೋದಾಗ ಆ ತುಂಡಲ್ಲಿ ಒಂದು ಕೇರೆಹಾವು. ಮಾರುದ್ದ. ತಲೆ ತೂರಿಸಿದೆ, ಹಿಂದೆ ಬರೋಕೆ ಹೋದ್ರೆ ಹುರುಪೆಗೆ ದಾರ ಸಿಕ್ಕಿದೆ, ಒದ್ದಾಡಿದಷ್ಟೂ ಬಿಗಿದಿದೆ. ದಾರ ಚರ್ಮ ಸೀಳಿ ಒಳಗೆ ಹೋಗಿತ್ತು. ಕತ್ತರಿ ತಗೊಂಡು ಓಡಿದೆ. ಅಷ್ಟೊತ್ತಿಗೆ ಇರುವೆ ಮುತ್ತಿದ್ವು.

ಅಪ್ಪ ಬೈಯಲಿಲ್ಲ. "ನಮ್ಮ ಹೊಲದ ಇಲಿ ಕಾಯ್ತಿದ್ದಿದ್ದು ಅದೇ ಕಣಪ್ಪ" ಅಂದ್ರು, ಅಷ್ಟೇ.

ಆ ಬಲೆ ಒಂದು ವರ್ಷ ಬಿಸಿಲು ಮಳೆ ಎರಡೂ ತಿಂದಿತ್ತು. ಬಿಸಿಲಿಗೆ ನೈಲಾನ್ ನಿಧಾನಕ್ಕೆ ಬಲ ಕಳ್ಕೊಳ್ಳುತ್ತೆ ನಿಜ, ಆದ್ರೆ ಒಂದು ಹಾವನ್ನ ಹಿಡಿದಿಡೋಕೆ ಬೇಕಾದಷ್ಟು ಗಟ್ಟಿ ಅದರಲ್ಲಿ ಇನ್ನೂ ಇತ್ತು. ಅಂಗಡಿಯವರು "ಬಾಳಿಕೆ ಬರುತ್ತೆ" ಅಂದಿದ್ರು. ಸುಳ್ಳೇನಲ್ಲ. ಬಾಳಿಕೆ ಬಂತು.

ಹಾಗಂತ ನೈಲಾನೇ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಇಂಗ್ಲೆಂಡಲ್ಲಿ ಅದೇ ದಾರ ಬಳಸೋರು ಏನ್ ಮಾಡ್ತಾರೆ ಗೊತ್ತಾ? ಹಾಕುವಾಗ ಎಣಿಸ್ತಾರೆ, ತೆಗೆಯುವಾಗ ಎಣಿಸ್ತಾರೆ. ಎಷ್ಟೋ ಜನ ಹಸಿರು ಬಿಟ್ಟು ಕಿತ್ತಳೆ ಥರದ ಎದ್ದು ಕಾಣೋ ಬಣ್ಣ ಆರಿಸ್ತಾರೆ, ಹುಲ್ಲಲ್ಲಿ ಒಂದೂ ಉಳಿಯದೇ ಇರಲಿ ಅಂತ. ನಮ್ಮ ತಾತನ ಎಣಿಕೆಯೇ ಅದು. ದಾರ ಕೊಳೆಯಲ್ಲ ಅಂದ್ಮೇಲೆ ಆ ಎಣಿಕೆ ಇನ್ನೂ ಜಾಸ್ತಿ ಬೇಕು. ನಾನು ಮಾಡಿದ್ದು ಉಲ್ಟಾ. ಅಗ್ಗ ಅಂತ ಮರೆತೆ, ಮರೆತಿದ್ದು ಕೊಳೆಯಲಿಲ್ಲ.

ಖರೀದಿ ಮಾಡುವಾಗ ನಾವು ಎರಡು ಪ್ರಶ್ನೆ ಕೇಳ್ತೀವಿ: ಎಷ್ಟು ರೂಪಾಯಿ, ಎಷ್ಟು ದಿನ ಬರುತ್ತೆ? ನಾನು ಈಗ ಮೂರನೇದು ಒಂದು ಸೇರಿಸ್ಕೊಂಡಿದ್ದೀನಿ: ನಾನು ಇದನ್ನ ಮರೆತ್ರೆ ಬಿಲ್ ಯಾರಿಗೆ ಹೋಗುತ್ತೆ?

ಈ ವಾರ ಒಂದು ಕೆಲಸ ಮಾಡಿ. ಬಾಲ್ಕನಿಯಲ್ಲಿ ಪಾರಿವಾಳಕ್ಕೆ ಅಂತ ಕಟ್ಟಿಸಿರೋ ಬಲೆಯ ಮೂಲೆ ಹರಿದಿದೆಯಾ ನೋಡಿ. ತೋಟ ಇದ್ರೆ ಬೇಲಿ ಮೇಲೆ ಹಳೇ ಬಲೆ ನೇತಾಡ್ತಿದೆಯಾ ನೋಡಿ. ಇದ್ರೆ ಬಿಚ್ಚಿ, ಸುತ್ತಿ, ಮನೆಯೊಳಗೆ ಇಡಿ. ಏನಾದ್ರೂ ಸಿಕ್ಕಿದ್ರೆ ನನಗೊಂದು ವಾಯ್ಸ್ ನೋಟ್ ಕಳಿಸಿ.

ಮುಂದಿನ ವಾರ ಸಿಗೋಣ. ಅಲ್ಲೀವರೆಗೂ ಹುಷಾರು.