ನಮ್ಮೂರಿನ ಪ್ರಶ್ನೆಗಳಿಗೆ ವಿಭಾಗಗಳಿಲ್ಲ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ನಮ್ಮ ಮಕ್ಕಳು ಇಂದು ಎಂ.ಎ., ಎಂ.ಎಸ್ಸಿ., ಪಿಎಚ್.ಡಿ. ಎಂದು ಧಾರವಾಡಕ್ಕೆ ಹೋಗುತ್ತಿದ್ದಾರೆ. ಇದು ಸಂತೋಷದ ಸಂಗತಿ. ಅಲ್ಲಿ 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯವಿದೆ, 1986ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯವಿದೆ, 2016ರಿಂದ ಐಐಟಿಯೂ ಇದೆ. ಆದರೆ ವಿಭಾಗಕ್ಕೊಂದು ಕಟ್ಟಡ ಇರುವ ಹಾಗೆ ನಮ್ಮ ಮನಸ್ಸಿನಲ್ಲೂ ಗೋಡೆಗಳು ಎದ್ದಿವೆ. ರಸಾಯನಶಾಸ್ತ್ರದವನಿಗೆ ಇತಿಹಾಸ ಬೇಡ, ಇತಿಹಾಸದವಳಿಗೆ ಕೃಷಿ ಬೇಡ. ನಮ್ಮ ಊರಿನ ಪ್ರಶ್ನೆಗಳು ಮಾತ್ರ ಈ ಗೋಡೆಗಳನ್ನು ನೋಡಿಕೊಂಡು ಹುಟ್ಟುವುದಿಲ್ಲ.

ನವಲಗುಂದದ ಜಮಖಾನವನ್ನೇ ತೆಗೆದುಕೊಳ್ಳಿ. ನಮ್ಮ ಸಮುದಾಯದ ಹೆಣ್ಣುಮಕ್ಕಳು ನಿಲುವು ಮಗ್ಗದ ಮೇಲೆ ಕೈಯಿಂದಲೇ ನೇಯುವ ಹಾಸು ಅದು. ನವಿಲು, ಪಗಡೆ ಪಟದಂಥ ಚಿತ್ತಾರಗಳು ಅದರಲ್ಲಿವೆ. ನಮಾಜಿನ ಜಾನಮಾಜ್ ಕೂಡ ಅದೇ ಮಗ್ಗದಲ್ಲಿ ಹುಟ್ಟುತ್ತದೆ. ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೆ ಮಗ್ಗದ ಮುಂದೆ ಕೂಡುವವರು ಈಗ ಕೆಲವೇ ಮಂದಿ. ಅವರ ನಂತರ ಯಾರು?

ಇದನ್ನು ಯಾವ ವಿಭಾಗ ಅಧ್ಯಯನ ಮಾಡಬೇಕು? ಬಣ್ಣ ಮಾಸದಂತೆ ಮಾಡುವುದು ರಸಾಯನಶಾಸ್ತ್ರ. ನೂಲಿಗೆ ತಕ್ಕ ಹತ್ತಿ ಕೃಷಿ ವಿಜ್ಞಾನ. ದಿನವಿಡೀ ಕೂತು ನೇಯುವವಳ ಬೆನ್ನು, ಮೊಣಕಾಲಿನ ನೋವು ವೈದ್ಯರದು. ಆ ನೋವು ಕಡಿಮೆಯಾಗುವ ಹಾಗೆ ಮಗ್ಗವನ್ನು ತಿದ್ದುವುದು ಎಂಜಿನಿಯರನದು. ಅವಳಿಗೆ ಸಿಗುವ ಕೂಲಿ ಎಷ್ಟು, ಅಂಗಡಿಯ ಬೆಲೆ ಎಷ್ಟು ಎಂಬುದು ಅರ್ಥಶಾಸ್ತ್ರ. ಚಿತ್ತಾರಗಳ ಹೆಸರನ್ನು ಅವಳ ಬಾಯಿಂದಲೇ ಕೇಳಿ ಬರೆದುಕೊಳ್ಳುವುದು ಜಾನಪದ. ಬಣ್ಣ ಸುಧಾರಿಸಿ ಕೂಲಿ ಹೆಚ್ಚದಿದ್ದರೆ ಮಗಳು ಮಗ್ಗಕ್ಕೆ ಬರುವುದಿಲ್ಲ. ಬೆಲೆ ಹೆಚ್ಚಿಸಿ ಬೆನ್ನುನೋವು ಉಳಿದರೂ ಬರುವುದಿಲ್ಲ. ಎಲ್ಲರೂ ಕೂಡಿ ಕೂತರೆ ಮಾತ್ರ ಉತ್ತರ ಸಿಕ್ಕೀತು. ಆ ಕೂಟದಲ್ಲಿ ನೇಕಾರಳೂ ಇರಬೇಕು. ಅವಳ ಸಮಯಕ್ಕೆ ಹಣ ಕೊಡಬೇಕು, ಪ್ರಬಂಧದಲ್ಲಿ ಅವಳ ಹೆಸರು ಬರಬೇಕು.

ಅಣ್ಣಿಗೇರಿಯ ಸಂಗತಿಯೂ ನಿಮಗೆ ಗೊತ್ತು. 2010ರಲ್ಲಿ ಚರಂಡಿ ಅಗೆಯುವಾಗ ಸಾಲುಸಾಲಾಗಿ ನೂರಾರು ತಲೆಬುರುಡೆಗಳು ಸಿಕ್ಕವು. ಯುದ್ಧದಲ್ಲಿ ಸತ್ತವರು ಎಂದರು ಕೆಲವರು, ಬರಗಾಲದಲ್ಲಿ ಸತ್ತವರು ಎಂದರು ಇನ್ನು ಕೆಲವರು. ಕಾಲ ಹೇಳಲು ಭೌತವಿಜ್ಞಾನದ ಕಾರ್ಬನ್ ಪರೀಕ್ಷೆ ಬೇಕು, ಎಲುಬಿನ ಮೇಲಿನ ಗುರುತು ಓದಲು ಶರೀರಶಾಸ್ತ್ರಜ್ಞ ಬೇಕು, ಹಳೆಯ ದಾಖಲೆಗೆ ಇತಿಹಾಸಕಾರ ಬೇಕು. ಒಬ್ಬರ ಮಾತನ್ನು ಇನ್ನೊಬ್ಬರು ಪರೀಕ್ಷಿಸದಿದ್ದರೆ ಉಳಿಯುವುದು ಊಹೆ ಮಾತ್ರ.

ಇದು ನಮಗೆ ಹೊಸದೇನಲ್ಲ. ಸಾವಿರ ವರ್ಷಗಳ ಹಿಂದೆ ಅಲ್‌ಬಿರೂನಿ ಬೆಟ್ಟವೊಂದರ ಎತ್ತರ ಅಳೆದು ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದರು. ಅವರೇ ಸಂಸ್ಕೃತ ಕಲಿತು, ಪಂಡಿತರ ಜೊತೆ ಕೂತು, 1030ರ ಸುಮಾರಿಗೆ ಹಿಂದುಸ್ತಾನದ ಬಗ್ಗೆ ಗ್ರಂಥ ಬರೆದರು. ಬೇರೆಯವರಿಂದ ಕಲಿಯಲು ಅವರು ನಾಚಲಿಲ್ಲ.

ವಿದ್ಯಾರ್ಥಿಗಳೇ, ನಿಮ್ಮಿಂದ ನಾನು ಕೇಳುವುದು ಇಷ್ಟೇ. ಮೊದಲು ನಿಮ್ಮ ವಿಷಯವನ್ನು ಗಟ್ಟಿಯಾಗಿ ಕಲಿಯಿರಿ. ಅರ್ಧ ಕಲಿತ ಇಬ್ಬರು ಕೂಡಿದರೆ ಪೂರ್ಣ ಜ್ಞಾನವಾಗುವುದಿಲ್ಲ. ತಿಂಗಳಿಗೊಮ್ಮೆಯಾದರೂ ಬೇರೆ ವಿಭಾಗದ ಉಪನ್ಯಾಸ ಕೇಳಿ. ನಿಮ್ಮ ಊರಿನ ಒಂದು ಪ್ರಶ್ನೆಯನ್ನು ಒಂದೇ ಪುಟದಲ್ಲಿ, ಬೇರೆ ಶಾಸ್ತ್ರ ಓದಿದವರಿಗೂ ತಿಳಿಯುವಂತೆ ಬರೆಯಿರಿ. ಜೊತೆಗೂಡುವ ಮೊದಲೇ ಯಾರ ಕೆಲಸ ಏನು, ಯಾರ ಹೆಸರು ಎಲ್ಲಿ ಎಂದು ಮಾತಾಡಿಕೊಳ್ಳಿ. ಎಷ್ಟೋ ಸ್ನೇಹಗಳು ಒಡೆಯುವುದು ಅಲ್ಲಿಯೇ. ಮಾರ್ಗದರ್ಶಕರು ಹಿಂಜರಿದರೆ ಬೇಸರ ಬೇಡ, ಸಣ್ಣ ಕೆಲಸ ಮಾಡಿ ತೋರಿಸಿ.

ಸಂಸ್ಥೆಯ ಹಿರಿಯರಲ್ಲೂ ಒಂದು ವಿನಂತಿ. ವಿದ್ಯಾರ್ಥಿವೇತನ ಕೊಡುವ ದಿನ ಕಲೆ, ವಿಜ್ಞಾನ, ವಾಣಿಜ್ಯ, ಕೃಷಿ ಓದುವ ಮಕ್ಕಳನ್ನು ಒಂದೇ ಚಾಪೆಯ ಮೇಲೆ ಕೂಡಿಸಿ, ಊರಿನ ಒಂದು ಪ್ರಶ್ನೆ ಅವರ ಮುಂದಿಡಿ. ಅದಕ್ಕೆ ಹೆಚ್ಚು ಖರ್ಚಿಲ್ಲ. ಆ ಚಾಪೆ ನವಲಗುಂದದ ಜಮಖಾನವೇ ಆಗಿದ್ದರೆ ಇನ್ನೂ ಒಳ್ಳೆಯದು.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತವಾದ ಜ್ಞಾನವನ್ನು, ಅದನ್ನು ಹಂಚಿಕೊಳ್ಳುವ ಮನಸ್ಸನ್ನು ಕರುಣಿಸಲಿ ಎಂದು ದುಆ ಮಾಡುತ್ತಾ ನನ್ನ ಮಾತು ಮುಗಿಸುತ್ತೇನೆ.