ಪಾರ್ಕಿನ ಮೂಲೆಯಲ್ಲಿ ಸೊಪ್ಪಿನ ಪಾತಿ



ಗುಂಡ್ಲುಪೇಟೆ ಸೀಮೆಯ ತರಕಾರಿ ಲಾರಿಗಟ್ಟಲೆ ಕೇರಳಕ್ಕೆ ಹೋಗುತ್ತದೆ. ಇಲ್ಲಿನ ಮಿಲ್ ಕೂಲಿಗಾರ ಸಂಜೆ ಬಾಡಿದ ಸೊಪ್ಪಿಗೆ ಚೌಕಾಸಿ ಮಾಡುತ್ತಾನೆ. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದು ನೆರವು ನಿಂತಾಗ, ಹವಾನಾದ ಜನ ಊರೊಳಗಿನ ಖಾಲಿ ಜಾಗದಲ್ಲೇ ತರಕಾರಿ ಬೆಳೆದರು. ನಾವು ಕೇಳುವುದು ಪಾರ್ಕಿನ ಒಂದು ಮೂಲೆ ಮಾತ್ರ. ಚಾಮರಾಜನಗರದಲ್ಲಿ ನಗರಸಭೆಗೆ, ಗುಂಡ್ಲುಪೇಟೆಯಲ್ಲಿ ಪುರಸಭೆಗೆ ಅರ್ಜಿ ಕೊಡೋಣ. ಜಾಗ ಸಾರ್ವಜನಿಕರದಾಗಿಯೇ ಇರಲಿ, ಬೀಗ ಬೇಡ.

ತೊಡಕೆಂದರೆ ನೀರು. ಮಳೆ ಕಡಿಮೆಯ ಸೀಮೆ ನಮ್ಮದು. ಕುಡಿಯುವ ನೀರಿಗೆ ಕೈ ಹಾಕಕೂಡದು. ಅಕ್ಕಿ, ಬೇಳೆ ತೊಳೆದ ನೀರನ್ನು ಮನೆಮನೆಯಿಂದ ತರೋಣ. ಸೋಪಿನ ನೀರು ಸೊಪ್ಪಿಗೆ ಬೇಡ. ಹೊರುವ ಕೆಲಸವನ್ನು ಹೆಂಗಸರ ತಲೆಗೇ ಕಟ್ಟಬೇಡಿ! ಮೆಂತ್ಯ, ದಂಟು ತಿಂಗಳೊಪ್ಪತ್ತಿನಲ್ಲಿ ಕೈಗೆ ಬರುತ್ತವೆ. ತರಕಾರಿ ಅಂಗಡಿಯವರು ಅಂಜಬೇಕಿಲ್ಲ: ಇದು ಹಂಚಿಕೊಳ್ಳಲು, ಮಾರಲಿಕ್ಕಲ್ಲ. ಅರ್ಜಿ ಇಲ್ಲೇ ಮೇಜಿನ ಮೇಲಿದೆ, ಸಹಿ ಹಾಕಿ ಹೋಗಿರಿ.